ಉತಾರದಲ್ಲಿ ಇಲ್ಲದ ಮಗಳು: ಗದಗ ಸೀಮೆಯ ಮನೆತನವೊಂದು ಕಾದಂಬರಿಯಾಗುವ ಬಗೆ

ಊರಿನ ಮೇಲೆ ಕಾದಂಬರಿ ಬರೆಯಲು ಹೊರಟವರು ಸಾಮಾನ್ಯವಾಗಿ ನೆನಪಿನಿಂದ ಶುರು ಮಾಡುತ್ತಾರೆ. ನಾನು ಮೊದಲು ತೆಗೆಸುವುದು ಉತಾರ, ಅಂದರೆ ಹೊಲದ ಮಾಲಕಿ, ಸಾಗುವಳಿ ಬರೆದಿಟ್ಟ ಸರ್ಕಾರಿ ದಾಖಲೆ (ಪಹಣಿ). ನೆನಪೊಂದನ್ನೇ ನೆಚ್ಚಿ ಕೂತರೆ ಎಲ್ಲ ಅಜ್ಜಂದಿರೂ ಧರ್ಮಾತ್ಮರಾಗುತ್ತಾರೆ, ಎಲ್ಲ ಹೊಲವೂ ಎರಿಹೊಲ (ಕಪ್ಪು ಮಣ್ಣಿನ ಒಳ್ಳೆಯ ಹೊಲ) ಆಗುತ್ತದೆ, ಹಬ್ಬವೆಂದರೆ ಬರೀ ಹೋಳಿಗೆಯಾಗುತ್ತದೆ. ಕಾಗದವನ್ನೇ ನಂಬಿದರೆ ಸರ್ವೆ ನಂಬರು, ಗುಂಟೆ, ಆಣೆ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಕಾಗದ ಒಂದು ಹೇಳಿ, ಮನೆಯ ಹಿರಿಯರ ಬಾಯಿ ಇನ್ನೊಂದು ಹೇಳುವ ಜಾಗ ಪ್ರತಿ ಮನೆತನದಲ್ಲೂ ಇರುತ್ತದೆ. ಕಾದಂಬರಿಗೆ ಬೇಕಾದದ್ದು ಅಲ್ಲಿ ಸಿಗುತ್ತದೆ. ಅದನ್ನು ಹುಡುಕುವ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ ಅನ್ನುವುದನ್ನು ಗದಗ, ಧಾರವಾಡ, ಹಾವೇರಿ ಸೀಮೆಯ ಮಟ್ಟಿಗೆ ಬರೆಯುತ್ತಿದ್ದೇನೆ.

ಉತಾರ ಓದಲು ಕೂಡ್ರುವ ಮೊದಲು ಬೇಕಾದದ್ದು ಕಾಲದ ಪಟ್ಟಿ. ಅಂಗಡಿಯವರು ಕಿರ್ದಿ (ದಿನದ ಲೆಕ್ಕ) ಬರೆಯುವ ಉದ್ದನೆಯ ವಹಿ ಇದಕ್ಕೆ ಚಲೋ. ಆರು ಕಾಲಂ ಗೆರೆ ಹಾಕಬೇಕು: ಇಸವಿ, ಸಂವತ್ಸರ, ಆಗ ಯಾರ ರಾಜ್ಯ, ಮಳೆ-ಬೆಳೆ-ರೋಗ, ನಾಣ್ಯ-ತೂಕ, ಮನೆಯ ಸಂಗತಿ. ಒಂದು ವರ್ಷಕ್ಕೆ ಒಂದು ಸಾಲು. ಎರಡನೇ ಕಾಲಂ ಯಾಕೆ ಬೇಕೆಂದರೆ, ಹಳಬರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಅದೂ ಇಲ್ಲದಿದ್ದರೆ ಬರ, ಬ್ಯಾನಿ (ರೋಗ), ಲಗ್ನ ಇವುಗಳಿಂದ ಲೆಕ್ಕ ಹಿಡಿಯುತ್ತಾರೆ. ಲೆಕ್ಕದ ಕೀಲಿ ಸುಲಭ. 1867, 1927, 1987 ಈ ಮೂರೂ ಪ್ರಭವ ಸಂವತ್ಸರದ ಆರಂಭ. ಅಲ್ಲಿಂದ ಎಣಿಸುತ್ತ ಹೋದರೆ ಹತ್ತನೆಯದಾದ ಧಾತು 1876ಕ್ಕೆ ಬರುತ್ತದೆ, ದೊಡ್ಡ ಬರ ಶುರುವಾದ ವರ್ಷ. ಐವತ್ತೆರಡನೆಯದಾದ ಕಾಳಯುಕ್ತಿ 1918ಕ್ಕೆ ಬರುತ್ತದೆ, ಇನ್‌ಫ್ಲುಯೆಂಜಾ ಬಂದು ಮನೆಮನೆಯಲ್ಲಿ ಸಾವಾದ ವರ್ಷ. ಸ್ವಾತಂತ್ರ್ಯ ಬಂದದ್ದು ಸರ್ವಜಿತ್ ಸಂವತ್ಸರದಲ್ಲಿ. ತಪ್ಪುವುದು ಒಂದೇ ಕಡೆ: ಸಂವತ್ಸರ ಉಗಾದಿಗೆ ಬದಲಾಗುತ್ತದೆ, ಜನವರಿಗಲ್ಲ. ‘ಕಾಳಯುಕ್ತಿಯ ಮಾಘ ಮಾಸದಾಗ ಲಗ್ನ ಆತು’ ಎಂದು ಅಜ್ಜಿ ಅಂದರೆ ಅದು 1919. ಈ ಒಂದು ವರ್ಷದ ಎಡವಟ್ಟಿನಿಂದ ಸತ್ತವರು ಲಗ್ನದ ಹಂದರದಲ್ಲಿ ಓಡಾಡುತ್ತಾರೆ.

ಮೂರನೇ ಕಾಲಮ್ಮಿಗೆ ನಮ್ಮ ಸೀಮೆಯಲ್ಲಿ ಇರುವಷ್ಟು ಕೆಲಸ ಬೇರೆ ಕಡೆ ಇರಲಿಕ್ಕಿಲ್ಲ. ಗದಗ ತಾಲೂಕು ಬ್ರಿಟಿಷರ ಮುಂಬೈ ಇಲಾಖೆಯ (ಪ್ರಾಂತ್ಯದ) ಧಾರವಾಡ ಜಿಲ್ಲೆಯಲ್ಲಿತ್ತು. ಅಲ್ಲಿಂದ ಚಕ್ಕಡಿಯ ದಾರಿಯಷ್ಟೇ ದೂರದ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜದ್ದು, ಆಚೆ ಕುಂದಗೋಳ ಜಮಖಂಡಿಯದ್ದು, ಸವಣೂರಿನಲ್ಲಿ ನವಾಬ. ಪೂರ್ವಕ್ಕೆ ಕೊಪ್ಪಳ, ಯಲಬುರ್ಗಿ ನಿಜಾಮನ ಸೀಮೆ. 1948ರಲ್ಲಿ ಸಂಸ್ಥಾನಗಳು ವಿಲೀನವಾದವು, 1956ರ ನವೆಂಬರ್ 1ಕ್ಕೆ ಎಲ್ಲ ಮೈಸೂರು ರಾಜ್ಯಕ್ಕೆ ಸೇರಿದವು, 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಹೀಗಾಗಿ 1940ರಲ್ಲಿ ಗದಗಿನ ಹುಡುಗಿಯನ್ನು ಕೊಪ್ಪಳದ ಕಡೆಗೆ ಕೊಟ್ಟರೆ ಆಕೆ ಬೇರೆ ರಾಜ್ಯಕ್ಕೆ ಹೋದಂತೆ. ಅಲ್ಲಿ ನಡೆಯುವ ರೂಪಾಯಿ ನಿಜಾಮನ ಹಾಲಿ ಸಿಕ್ಕಾ, ಕಚೇರಿಯ ಭಾಷೆ ಉರ್ದು, ಬೀಗರ ನಡುವೆ ಜಗಳವಾದರೆ ದಾವೆ ಹಾಕುವ ಕೋರ್ಟೂ ಬೇರೆ. ಶಿರಹಟ್ಟಿಯ ಹಳ್ಳಿಯಲ್ಲಿ 1930ರ ಕಥೆ ನಡೆಸಿ ಅಲ್ಲಿಗೆ ಧಾರವಾಡದ ಕಲೆಕ್ಟರನನ್ನು ಕುದುರೆ ಮೇಲೆ ಕಳಿಸಿದರೆ, ಊರಿನ ಓದುಗರು ಮೊದಲ ಅಧ್ಯಾಯಕ್ಕೇ ಪುಸ್ತಕ ಮುಚ್ಚುತ್ತಾರೆ. 1956ಕ್ಕಿಂತ ಹಿಂದಿನ ಧಾರವಾಡದವರಿಗೆ ರಾಜಧಾನಿ ಮುಂಬೈ. ನೌಕರಿಗೆ, ದವಾಖಾನೆಗೆ, ಓಡಿಹೋಗಲಿಕ್ಕೆ ಮುಖ ಮಾಡುವುದು ಪುಣೆ, ಮುಂಬೈ ಕಡೆಗೆ.

ನಾಣ್ಯ, ತೂಕ ಚಿಕ್ಕ ವಿಷಯವೆನಿಸಿದರೂ ಪುಟಪುಟದಲ್ಲಿ ಬರುತ್ತವೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಹೊಸ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಕಿಲೋ ತೂಕ 1958ರಿಂದ ಮುಂದಿನ ನಾಲ್ಕೈದು ವರ್ಷದಲ್ಲಿ ಹಂತಹಂತವಾಗಿ ಬಂತು. ಹಳ್ಳಿಯ ಸಂತೆಯಲ್ಲಿ ಸೇರು, ಪಾವು, ಚಟಾಕು ಅದಾದ ಮೇಲೂ ಎಷ್ಟೋ ಕಾಲ ನಡೆದವು. ಸೇರು ಊರಿಂದೂರಿಗೆ ಬೇರೆ, ಆದ್ದರಿಂದ ‘ಎರಡು ಸೇರು ಜೋಳ’ ಎಂದು ಬರೆದು ಬಿಡುವುದೇ ಲೇಸು, ಕಿಲೋಕ್ಕೆ ಇಳಿಸಹೋಗಬಾರದು. ಜೋಳ, ಹತ್ತಿ, ಶೇಂಗಾ ಇವುಗಳ ದರಕ್ಕೆ ಹುಬ್ಬಳ್ಳಿಯಿಂದ ಬರುವ ಸಂಯುಕ್ತ ಕರ್ನಾಟಕ ಪತ್ರಿಕೆಯ ಹಳೆಯ ಸಂಚಿಕೆಗಳ ಪೇಟೆ ಧಾರಣಿ ನೋಡಬೇಕು. ಅದಕ್ಕೂ ಹಿಂದಿನ ಕಾಲಕ್ಕೆ 1884ರ ಮುಂಬೈ ಗೆಜೆಟಿಯರಿನ ಧಾರವಾಡ ಸಂಪುಟ ಇದೆ. ಬೆಳೆ, ಕೂಲಿ, ಸಂತೆ, ಜಾತಿವಾರು ಉಡುಗೆ ತೊಡುಗೆ ಎಲ್ಲ ಅದರಲ್ಲಿ ಉಂಟು. ಬರೆದವರು ಆಳುವವರ ಕಣ್ಣಿನಿಂದ ನೋಡಿದ್ದಾರೆ ಅನ್ನುವ ಎಚ್ಚರ ಇದ್ದರೆ ಸಾಕು.

ಇನ್ನು ಉತಾರ. ತಹಶೀಲ್ದಾರ ಕಚೇರಿಯ ರಿಕಾರ್ಡ್ ರೂಮಿನಲ್ಲಿ ಹೆಸರು ಹೇಳಿ ಕೇಳಬಾರದು, ಸರ್ವೆ ನಂಬರು ಹೇಳಿ ಕೇಳಬೇಕು. ನಮ್ಮಲ್ಲಿ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವುದರಿಂದ ಒಂದೇ ಮನೆಯಲ್ಲಿ ನೂರು ವರ್ಷದೊಳಗೆ ಮೂವರು ಬಸಪ್ಪ, ಇಬ್ಬರು ಚನ್ನಬಸಪ್ಪ ಇರುತ್ತಾರೆ. ಇಂದಿನ ಕಂಪ್ಯೂಟರ್ ಉತಾರ ಒಂದನ್ನು ಮೊದಲು ತೆಗೆಸಿ, ಅದರಲ್ಲಿರುವ ಸರ್ವೆ ನಂಬರು, ಹಿಸ್ಸಾ (ಅದರ ಒಳಪಾಲು) ಹಿಡಿದು ಹಿಂದಕ್ಕೆ ಹೋಗಬೇಕು. ಕೈಬರಹದ ಉತಾರದ ಜತೆಗೆ ಡೈರಿಯ (ಹಕ್ಕು ಬದಲಾವಣೆ ಬರೆದಿಡುವ ವಹಿಯ) ನಕಲನ್ನೂ ಕೇಳಬೇಕು, ಯಾಕೆಂದರೆ ಹೆಸರು ಯಾವಾಗ, ಯಾತಕ್ಕೆ ಬದಲಾಯಿತೆಂಬುದು ಅಲ್ಲಿರುತ್ತದೆ: ವಾರಸಾ (ಉತ್ತರಾಧಿಕಾರ), ವಾಟಣಿ (ಪಾಲು), ಖರೀದಿ, ಬೋಜಾ (ಹೊಲದ ಮೇಲಿನ ಸಾಲ). ಸರ್ವೆ ಕಚೇರಿಯಿಂದ ಊರಿನ ನಕಾಶೆಯನ್ನೂ ತಂದು ಗೋಡೆಗೆ ಹಚ್ಚಿಕೊಂಡರೆ ಹಳ್ಳ ಯಾವ ಕಡೆ, ಬಂಡಿದಾರಿ ಯಾರ ಹೊಲದೊಳಗಿಂದ ಹೋಗುತ್ತದೆ, ಜಗಳ ಎಲ್ಲಿ ಹುಟ್ಟುತ್ತದೆ ಅನ್ನುವುದು ಕೂತಲ್ಲೇ ಕಾಣುತ್ತದೆ. ಮುಂಬೈ ಇಲಾಖೆಯಲ್ಲಿ ಹಕ್ಕುಗಳ ದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಅದಕ್ಕೂ ಹಿಂದೆ ಅಣ್ಣತಮ್ಮಂದಿರು ಒಳಗೊಳಗೆ ಹೇಗೆ ಹಂಚಿಕೊಂಡಿದ್ದರೆಂಬುದು ಈ ಕಾಗದಗಳಲ್ಲಿ ಸಿಗುವುದಿಲ್ಲ. ಮನೆಯ ಗಂಟಿನಲ್ಲಿರುವ ಹಳೆಯ ಖರೀದಿ ಪತ್ರ, ಸಾಲಪತ್ರಗಳಲ್ಲಿ ಸಿಗಬಹುದು, ಆದರೆ ಅವು ಮೋಡಿ ಅಕ್ಷರದಲ್ಲಿದ್ದರೆ (ಹಿಂದೆ ಮರಾಠಿ ಬರೆಯುತ್ತಿದ್ದ ಕೂಡಕ್ಷರ) ಓದಬಲ್ಲವರು ಬೇಕು. ಅಂಥ ಕಾಗದವನ್ನು ಲ್ಯಾಮಿನೇಶನ್ ಮಾಡಿಸಲೇಬಾರದು, ಬಿಸಿಗೆ ಕಾಗದ ಕಂದುತ್ತದೆ, ಅಂಟಿದ ಪ್ಲಾಸ್ಟಿಕ್ಕು ಮತ್ತೆ ಬಿಡಿಸಲು ಬರುವುದಿಲ್ಲ. ಬಾಗಿಲ ಕಡೆಯಿಂದ ಓರೆ ಬೆಳಕು ಬೀಳುವ ಹಾಗೆ ಇಟ್ಟು ಫೋಟೋ ತೆಗೆದುಕೊಂಡು, ಮಡಿಕೆಯ ಗೆರೆ ಹರಿಯದಂತೆ ಬಿಡಿಸಿ ಚಪ್ಪಟೆಯಾಗಿ ಇಟ್ಟರೆ ಸಾಕು.

ಉತಾರದ ಒಂಬತ್ತನೇ ಕಾಲಂ ಮಾಲಕರ ಹೆಸರು ಹೇಳುತ್ತದೆ, ಹನ್ನೊಂದನೆಯದು ಬೋಜಾ ಮತ್ತು ಇತರ ಹಕ್ಕು, ಹನ್ನೆರಡನೆಯದು ಯಾರು ಸಾಗುವಳಿ ಮಾಡಿದರು, ಏನು ಬೆಳೆದರು ಅನ್ನುವುದನ್ನು. ಕಾದಂಬರಿಕಾರರು ಓದಬೇಕಾದದ್ದು ಹನ್ನೊಂದು, ಹನ್ನೆರಡನ್ನು. ಒಂಬತ್ತರಲ್ಲಿ ಒಬ್ಬರ ಹೆಸರು, ಹನ್ನೆರಡರಲ್ಲಿ ಇನ್ನೊಬ್ಬರ ಹೆಸರು ಇದ್ದರೆ ಅಲ್ಲಿ ಕೋರು (ಬೆಳೆಯ ಪಾಲಿಗೆ ಸಾಗುವಳಿ) ಅಥವಾ ಲಾವಣಿ (ಗೇಣಿ) ನಡೆದಿದೆ ಎಂದು ತಿಳಿಯಬೇಕು. ಆ ಎರಡನೇ ಹೆಸರು ಒಂದು ವರ್ಷ ಇದ್ದಕ್ಕಿದ್ದಂತೆ ಮಾಯವಾಗಿದ್ದರೆ, ಅದೂ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂದ, ಉಳುವವನೇ ಒಡೆಯನೆಂಬ ಭೂಸುಧಾರಣೆಗೆ ಸ್ವಲ್ಪ ಹಿಂದೆ ಮಾಯವಾಗಿದ್ದರೆ, ಹೊಲ ಬಿಡಿಸಿಕೊಂಡ ಕಥೆ ಆ ಖಾಲಿ ಜಾಗದಲ್ಲಿದೆ. ಮನೆಯವರು ‘ಅವರ ತಾವ ಬಿಟ್ಟು ಹ್ವಾದ್ರು’ ಅನ್ನುತ್ತಾರೆ. ಹೋದವರ ಮೊಮ್ಮಕ್ಕಳನ್ನು ಹುಡುಕಿ ಕೇಳಿದರೆ ಮಾತು ಬೇರೆ ಬರುತ್ತದೆ. ಎರಡನ್ನೂ ಬರೆದುಕೊಳ್ಳಬೇಕು, ಯಾವುದು ಖರೆ ಎಂದು ತೀರ್ಪು ಕೊಡುವ ಅವಸರ ಬೇಡ. ಹನ್ನೊಂದರ ಬೋಜಾ ಹಿಡಿದರೆ ಸಾಲದ ದಾರಿ ತೆರೆಯುತ್ತದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು, ದೇಶದಲ್ಲೇ ಮೊದಲಿನದೆಂದು ಅದಕ್ಕೆ ಹೆಸರು. ಆದರೂ ಸುತ್ತಲಿನ ಊರುಗಳಲ್ಲಿ ಸಾವಕಾರನ ವಹಿ ಎಷ್ಟೋ ವರ್ಷ ತೆರೆದೇ ಇತ್ತು. ಒಂದೇ ಮನೆಯ ಅಣ್ಣ ಸಂಘದಲ್ಲಿ, ತಮ್ಮ ಸಾವಕಾರನಲ್ಲಿ ಸಾಲ ಮಾಡಿದ್ದರೆ ಇಬ್ಬರ ಸ್ವಭಾವ ಅಲ್ಲೇ ಬರೆದಿಟ್ಟ ಹಾಗೆ.

ಈಗ ಮಗಳ ವಿಷಯ. ಹಳೆಯ ವಾರಸಾ ಡೈರಿಯಲ್ಲಿ ‘ಮಯತರಿಗೆ (ತೀರಿಕೊಂಡವರಿಗೆ) ಗಂಡುಮಕ್ಕಳು ಮೂವರು’ ಎಂದಿರುತ್ತದೆ. ಹೆಣ್ಣುಮಕ್ಕಳು ಲೆಕ್ಕಕ್ಕೆ ಇಲ್ಲ. 1956ರ ಹಿಂದೂ ವಾರಸಾ ಕಾಯ್ದೆಯ ನಂತರ ಹೆಸರು ಅಲ್ಲಲ್ಲಿ ಕಾಣುತ್ತದೆ, ಬೆನ್ನ ಹಿಂದೆಯೇ ಹಕ್ಕು ಬಿಟ್ಟ ಪತ್ರವೂ ಬರುತ್ತದೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ಕರ್ನಾಟಕದ ತಿದ್ದುಪಡಿ 1994ರಲ್ಲಿ, ಕೇಂದ್ರದ್ದು 2005ರಲ್ಲಿ ಬಂದ ಮೇಲೆ ಇಂಥ ಪತ್ರಗಳು ಹೆಚ್ಚಾಗುತ್ತವೆ. ಇದೇ ಮನೆಯಲ್ಲಿ ಪಂಚಮಿ ಎಂದರೆ ಅಣ್ಣ ಹೋಗಿ ತಂಗಿಯನ್ನು ಕರೆತರಲೇಬೇಕು, ಜೋಕಾಲಿ ಕಟ್ಟಲೇಬೇಕು, ಉಂಡಿ ಕಟ್ಟಿ ಕಳಿಸಲೇಬೇಕು. ಉತಾರದಲ್ಲಿ ಇಲ್ಲದ ಮಗಳು ಮನೆಯ ಖರ್ಚಿನ ವಹಿಯಲ್ಲಿ ಪ್ರತಿ ವರ್ಷ ಇರುತ್ತಾಳೆ: ಖಣ (ಕುಪ್ಪಸದ ಬಟ್ಟೆ), ಬಳೆ, ಕೊಬ್ಬರಿ, ಬೆಲ್ಲ, ಚಕ್ಕಡಿ ಬಾಡಿಗೆ. ಈ ಎರಡು ವಹಿಗಳನ್ನು ಪಕ್ಕಪಕ್ಕಕ್ಕಿಟ್ಟು ಓದಿದರೆ ಪಂಚಮಿ ಹಬ್ಬ ಬರೀ ಹಬ್ಬವಾಗಿ ಉಳಿಯುವುದಿಲ್ಲ. ಯಾವ ವರ್ಷ ಖಣದ ಬದಲು ಇಳಕಲ್ ಸೀರೆ ಬಂತು, ಆ ವರ್ಷ ಸಬ್‌ರಜಿಸ್ಟ್ರಾರ ಕಚೇರಿಯಲ್ಲಿ ಏನಾದರೂ ಸಹಿ ಆಗಿದೆಯೇ ಎಂದು ನೋಡಬೇಕು.

ಇದನ್ನು ಬರೆಯಬೇಕಾದರೆ ಮಗಳ ಸೆರಗಿಗೆ ಮಂಗಳದ ಸಾಮಾನು ಹಾಕಿ ಕಳಿಸುವ, ಅಂದರೆ ಉಡಿ ತುಂಬುವ ಕ್ರಮ ಕೈಗೆ ಗೊತ್ತಿರಬೇಕು. ಮಣೆಯ ಮೇಲೆ ಕೂಡ್ರಿಸಿ, ಅರಿಷಿಣ ಕುಂಕುಮ ಹಚ್ಚಿ, ಸೆರಗು ಒಡ್ಡಿಸಿ, ಅಕ್ಕಿ, ಅದರ ಮೇಲೆ ಖಣ, ಕೊಬ್ಬರಿ ಬಟ್ಟಲು, ಐದು ಅರಿಷಿಣ ಬೇರು, ಐದು ಅಡಿಕೆ, ಐದು ಉತ್ತತ್ತಿ, ಎಲೆ, ಬೆಲ್ಲದ ತುಣುಕು. ಮನೆಯಿಂದ ಮನೆಗೆ ಒಂದೆರಡು ಸಾಮಾನು ಬದಲಾಗುತ್ತವೆ, ಜೋಳವನ್ನೂ ಹಾಕುವವರಿದ್ದಾರೆ. ಬರೆಯುವವರು ಗಮನಿಸಬೇಕಾದದ್ದು ಯಾರು ತುಂಬುತ್ತಾರೆ, ಯಾರನ್ನು ಆ ಹೊತ್ತಿಗೆ ಅಡಗಿಮನಿಗೆ ಕಳಿಸುತ್ತಾರೆ ಅನ್ನುವುದನ್ನು. ಗಂಡ ಸತ್ತ ಅತ್ತಿ, ಮಕ್ಕಳಾಗದ ನೆಗೆಣ್ಣಿ (ವಾರಗಿತ್ತಿ) ಎಲ್ಲಿ ನಿಂತಿರುತ್ತಾರೆ ಎಂದು ತಿಳಿಯದೆ ಉಡಿ ತುಂಬುವ ದೃಶ್ಯ ಬರೆದರೆ ಅದು ಕ್ಯಾಲೆಂಡರ್ ಚಿತ್ರ.

ಹೆಣ್ಣುಮಕ್ಕಳಿಂದ ಮಾತು ತೆಗೆಯಬೇಕಾದರೆ ಪಡಸಾಲಿಯಲ್ಲಿ ಕುರ್ಚಿ ಹಾಕಿ ‘ಹಳೇ ಕಾಲದ್ದು ಹೇಳ್ರಿ ಆಯಿ’ ಎಂದು ಕೇಳುವುದು ಕೆಲಸಕ್ಕೆ ಬಾರದು. ಗಂಡುಮಕ್ಕಳು ನಡುವೆ ಬಾಯಿ ಹಾಕುತ್ತಾರೆ, ಮೂರು ವಾಕ್ಯದಲ್ಲಿ ಮಾತು ಮುಗಿಯುತ್ತದೆ. ಜೋಳ ಹಸನು ಮಾಡುವಾಗ, ಶೇಂಗಾ ಸುಲಿಯುವಾಗ ಪಕ್ಕದಲ್ಲಿ ಕೂತು ನಾವೂ ಮೊರ ಹಿಡಿಯಬೇಕು. ಪ್ರಶ್ನೆ ಸಾಮಾನಿನಿಂದ ಶುರುವಾಗಬೇಕು: ಈ ಒಳಕಲ್ಲು ಯಾರು ತಂದರು, ಈ ಕಡಾಯಿ ಯಾರ ಲಗ್ನದ್ದು, ಮಾಡದಾಗಿನ ಆ ಡಬ್ಬಿಯೊಳಗ ಏನ ಇಡತಿದ್ರಿ. ಬೀಸುವ ಪದ ಬೇಕಾದರೆ ಬೀಸುಕಲ್ಲಿನ ಗೂಟ ಕೈಗೆ ಕೊಡಬೇಕು. ಸುಮ್ಮನೆ ಕೂತು ಹಾಡಿದರೆ ಸಾಲಿನ ಉಸಿರು ಕೆಡುತ್ತದೆ, ಕಲ್ಲು ತಿರುಗಿದರೆ ನುಡಿ ತಾನಾಗಿ ಬರುತ್ತದೆ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನು ಬಂದ್ ಮಾಡಿ, ನೆಲದ ಮೇಲೆ ಒಂದು ಮಡಚಿದ ಅರಿವೆಯ ಮೇಲೆ ಇಟ್ಟರೆ ಗದ್ದಲ ಕಡಿಮೆ. ನಲವತ್ತು ನಿಮಿಷ ದಾಟಿದರೆ ಹಿರಿಯರು ದಣಿದು, ಹೇಳಿದ್ದನ್ನೇ ಹೇಳುತ್ತಾರೆ. ರಿಕಾರ್ಡು ಮಾಡುತ್ತಿದ್ದೇವೆ ಎಂದು ಮೊದಲೇ ಹೇಳಿರಬೇಕು. ಬರಹಕ್ಕೆ ಇಳಿಸುವ ಕೆಲಸ ಅಂದೇ ರಾತ್ರಿ ಶುರುವಾಗಬೇಕು. ಒಂದು ತಾಸಿನ ಮಾತಿಗೆ ಐದಾರು ತಾಸು ಹಿಡಿಯುತ್ತದೆ, ಅದರಲ್ಲಿ ಮೌನವನ್ನೂ ಬರೆಯಬೇಕು. ಅಕ್ಕತಂಗಿಯರನ್ನು ಬೇರೆಬೇರೆಯಾಗಿ ಕೇಳಬೇಕು. ಕೂಡಿಸಿ ಕೇಳಿದರೆ ಹಿರಿಯಳ ನೆನಪೇ ಎಲ್ಲರ ನೆನಪಾಗುತ್ತದೆ.

ಬಾಯಿಯ ದಾಖಲೆಯಲ್ಲಿ ಹೆಳವರದ್ದು ಬೇರೆಯೇ ಲೆಕ್ಕ. ಹಿಂದೆ ಎತ್ತಿನ ಮೇಲೆ, ಈಗ ಹೆಚ್ಚಾಗಿ ಮೋಟಾರು ಗಾಡಿ ಮೇಲೆ, ಕೆಲವು ವರ್ಷಕ್ಕೊಮ್ಮೆ ಬಂದು ಮನೆತನದ ವಂಶಾವಳಿ ಹೇಳಿ ಕಾಳು, ಅರಿವೆ, ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಳ್ಳುತ್ತಾರೆ. ಅವರಿಂದ ಕೇಳಬೇಕಾದದ್ದು ಮೂಲ ಊರು ಯಾವುದು, ಯಾಕೆ ಬಿಟ್ಟು ಬಂದರು, ಬೆಡಗು (ಕುಲದ ಕವಲು) ಯಾವುದು ಅನ್ನುವುದನ್ನು. ಊರು ಬಿಟ್ಟ ಕಾರಣವನ್ನು ಮನೆಯವರು ಮರೆತಿರುತ್ತಾರೆ ಅಥವಾ ಮರೆಸಿರುತ್ತಾರೆ. ಹೆಳವರು ಸಾಮಾನ್ಯವಾಗಿ ಮರೆತಿರುವುದಿಲ್ಲ. ತೊಡಕು ಎರಡು. ಹೊಗಳಿಕೆ ಕೂಡುತ್ತದೆ, ಎಲ್ಲರೂ ಆನೆ ಮೇಲೆ ಬಂದವರಾಗುತ್ತಾರೆ. ಒಂದೇ ಹೆಸರಿನ ಅಜ್ಜ ಮೊಮ್ಮಗ ಕೂಡಿ ಒಬ್ಬನೇ ಆಗಿ, ನಡುವೆ ಒಂದು ತಲೆಮಾರು ಬಿದ್ದುಹೋಗುತ್ತದೆ. ಇದಕ್ಕೆ ಮದ್ದು ಪ್ರತಿ ಹೆಸರಿನ ಜತೆ ಹೆಂಡತಿಯ ತವರುಮನೆ ಊರು ಬರೆದುಕೊಳ್ಳುವುದು. ಸೊಸೆ ಯಾವ ಊರಿನಿಂದ ಬಂದವಳೆಂದು ಮನೆಯ ಹೆಣ್ಣುಮಕ್ಕಳಿಗೆ ತಪ್ಪದೆ ಗೊತ್ತಿರುತ್ತದೆ, ಎರಡನ್ನೂ ತಾಳೆ ಹಾಕಿದರೆ ಇಬ್ಬರು ಬಸಪ್ಪರು ಬೇರೆಯಾಗುತ್ತಾರೆ.

ಹಗೇವಿನ, ಅಂದರೆ ಕಾಳು ಕೂಡಿಡುವ ನೆಲದೊಳಗಿನ ಕಣಜದ ಬಗ್ಗೆ ಕೇಳದೆ ನಮ್ಮ ಕಡೆಯ ಒಕ್ಕಲುತನದ ಮನೆತನ ತಿಳಿಯುವುದಿಲ್ಲ. ಎರಿಮಣ್ಣು ಬ್ಯಾಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಅಲ್ಲಿ ಹಗೇವು ನಿಲ್ಲುವುದಿಲ್ಲ. ಊರಿನ ಎತ್ತರದಲ್ಲಿ, ಗರಸಿನ (ಗಟ್ಟಿ ಜಲ್ಲಿಮಣ್ಣಿನ) ನೆಲದಲ್ಲಿ ತೋಡುತ್ತಿದ್ದರು. ಬಾಯಿ ಒಬ್ಬರು ಇಳಿಯುವಷ್ಟೇ, ಹೊಟ್ಟೆ ಅಗಲ. ಒಳಗೆ ತಳಕ್ಕೂ ಸುತ್ತಲೂ ಒಣಗಿದ ಹುಲ್ಲು, ದಂಟು ಹೊಂದಿಸಿ, ಚೆನ್ನಾಗಿ ಒಣಗಿಸಿದ ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹಾಕಿ, ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯನ್ನು ಕಾಳೇ ಉಸಿರಾಡಿ ಮುಗಿಸುತ್ತದೆ, ಹುಳ ಬದುಕುವುದಿಲ್ಲ, ಜೋಳ ವರ್ಷಗಟ್ಟಲೆ ಉಳಿಯುತ್ತದೆ. ಕೆಡುವುದು ಅಂಚಿನದ್ದು: ತಂಪು ಹಿಡಿದ ಕಡೆ ಕಾಳು ಕಪ್ಪಾಗಿ ಮುಗ್ಗಲು ವಾಸನೆ ಬರುತ್ತದೆ, ಆ ಹಿಟ್ಟಿನ ರೊಟ್ಟಿ ಬಡಿಯುವಾಗ ಹರಿಯುತ್ತದೆ. ಹಗೇವು ತೆರೆದ ಕೂಡಲೇ ಇಳಿದರೆ ಉಸಿರು ಕಟ್ಟಿ ಸಾವು. ಅದಕ್ಕೇ ಕಲ್ಲು ಸರಿಸಿ, ಗಾಳಿ ಆಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ.

ಬರೆಯುವವರಿಗೆ ಇಷ್ಟು ತಿಳಿದ ಮೇಲೆ ಉಳಿಯುವ ಪ್ರಶ್ನೆ ಯಾರು ಇಳಿಯುತ್ತಿದ್ದರು ಅನ್ನುವುದು. ಗೌಡರ ಮಗನಂತೂ ಇಳಿಯುತ್ತಿರಲಿಲ್ಲ. ಸಂಬಳಕ್ಕಿದ್ದ ಆಳು, ಹೆಚ್ಚಾಗಿ ಕೆಳಗೇರಿಯವನು ಇಳಿಯುತ್ತಿದ್ದ. ಅವನಿಗೆ ಕೊಡುವ ಕೂಲಿ ಆ ಅಂಚಿನ ಕಪ್ಪು ಜೋಳವೇ ಆಗಿತ್ತೋ, ನಡುವಿನದ್ದೋ? ಮಾಲಕರ ಮನೆಯಲ್ಲಿ ಒಂದು ಉತ್ತರ, ಆಳಿನ ಮನೆಯಲ್ಲಿ ಒಂದು ಉತ್ತರ. ಬರದ ವರ್ಷ ಹಗೇವು ತೆರೆದು ಊರಿಗೆಲ್ಲ ಜೋಳ ಕೊಟ್ಟ ಗೌಡರ ಕಥೆ ಊರೂರಿಗೆ ಇದೆ. ಆ ಜೋಳಕ್ಕೆ ಮುಂದಿನ ಸುಗ್ಗಿಯಲ್ಲಿ ಎಷ್ಟು ತಿರುಗಿ ಅಳೆಸಿಕೊಂಡರೆಂದು ಕೇಳಿದರೆ ಪಡಸಾಲಿ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ.

ಹಬ್ಬಗಳನ್ನು ಬೆಳೆಯ ಜತೆ ಕೂಡಿಸದಿದ್ದರೆ ಕಾದಂಬರಿ ಕೆಡುವುದು ನಿಶ್ಚಿತ. ಮುಂಗಾರಿ ಪೀಕಿನ ಧಾರವಾಡ, ಹಾವೇರಿ ಕಡೆ ಚರಗ ಚೆಲ್ಲುವುದು (ಹೊಲಕ್ಕೆ ಎಡೆ ಎರಚುವುದು) ಹೆಚ್ಚಾಗಿ ಆಶ್ವಿನದ ಶೀಗಿ ಹುಣ್ಣಿಮೆಗೆ. ಹಿಂಗಾರಿ ಬಿಳಿಜೋಳದ ಗದಗ, ನರಗುಂದ, ರೋಣದ ಎರಿಸೀಮೆಯಲ್ಲಿ ಮಾರ್ಗಶಿರದ ಎಳ್ಳ ಅಮಾವಾಸ್ಯೆಗೆ. ಎರಡೂ ಮಾಡುವ ಊರುಗಳೂ ಉಂಟು. ಎಳ್ಳ ಅಮಾವಾಸ್ಯೆ ಹೊತ್ತಿಗೆ ಜೋಳ ಎದೆ ಮಟ್ಟ ದಾಟಿ ತೆನೆ ಹಿರಿಯುತ್ತಿರುತ್ತದೆ. ಹಾಲುಗಾಳಾಗಿ ಸೀತನಿ (ಎಳೆಯ ಜೋಳದ ತೆನೆ) ಸುಡುವುದು ಜನವರಿಯಲ್ಲಿ, ಕೊಯ್ಲು ಫೆಬ್ರವರಿ-ಮಾರ್ಚಿಗೆ. ಹೊಲದಲ್ಲಿ ಬನ್ನಿಗಿಡದ ಬುಡಕ್ಕೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಎಡೆ ಹಿಡಿದು ಒಬ್ಬ ಮುಂದೆ ಚರಗ ಚೆಲ್ಲುತ್ತ, ಇನ್ನೊಬ್ಬ ಹಿಂದೆ ನೀರು ಚಿಮುಕಿಸುತ್ತ ಹೊಲ ಸುತ್ತುತ್ತಾರೆ. ಆಗ ಕೂಗುವ ‘ಹುಲ್ಲುಲ್ಲಿಗೋ’ ಒಂದೊಂದು ಊರಿಗೆ ಒಂದೊಂದು ನಮೂನಿ ಮುಂದುವರಿಯುತ್ತದೆ. ನಿಮ್ಮ ಕಥೆಯ ಊರಿನ ಕೂಗನ್ನು ಅಲ್ಲೇ ಕೇಳಿ ಬರೆದುಕೊಳ್ಳಬೇಕು, ಪಕ್ಕದ ತಾಲೂಕಿನದು ತಂದು ಅಂಟಿಸಬಾರದು. ಬುತ್ತಿಯ ಪಟ್ಟಿ ಬಹಳ ಮಂದಿಯ ಕೈ ಜಾರುವ ಜಾಗ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಕಡುಬು, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ, ಮಾದಲಿ ಎಂದು ಒಂದು ಪುಟ ತುಂಬಿಸಿದರೆ ಖಾನಾವಳಿಯ ಬೋರ್ಡಾಗುತ್ತದೆ. ನನ್ನ ನಿಯಮ ಒಂದು ದೃಶ್ಯಕ್ಕೆ ಎರಡೇ ಪದಾರ್ಥ, ಅವುಗಳಲ್ಲಿ ಒಂದು ಆ ಮನೆಯ ಬಡತನವನ್ನೋ ಜಂಬವನ್ನೋ ತೋರಿಸಬೇಕು.

ಗುಡಿ, ಶಾಸನ, ಸ್ಮಾರಕಗಳನ್ನು ನಾನು ಕಡಿಮೆಯೇ ಬಳಸುತ್ತೇನೆ. ಲಕ್ಕುಂಡಿಯಲ್ಲಿ ಹುಟ್ಟಿ ಬೆಳೆದವರು ಗುಡಿಗಳ ಕೆತ್ತನೆ ನೋಡುತ್ತ ನಿಲ್ಲುವುದಿಲ್ಲ, ನೆರಳಿಗೆ ಕೂಡುತ್ತಾರೆ, ಬಾವಿಯ ಮೆಟ್ಟಿಲಲ್ಲಿ ಅರಿವೆ ಒಣಹಾಕುತ್ತಾರೆ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ 1007ರ ಶಾಸನವಾಗಲಿ, ಆ ಕಾಲದ ಬೇರೆ ದಾನಶಾಸನಗಳಾಗಲಿ ಕಾದಂಬರಿಗೆ ಕೊಡುವುದು ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವ ರೀತಿಯನ್ನು: ಇಂತಿಷ್ಟು ಮತ್ತರು (ಹಳೆಯ ಭೂಮಿ ಅಳತೆ), ಮೂಡಲಿಗೆ ಇಂಥ ಹಳ್ಳ, ಪಡುವಲಿಗೆ ಇಂಥ ಕಲ್ಲು. ಸಾವಿರ ವರ್ಷದ ಹಿಂದಿನ ಆ ಎಲ್ಲೆಯ ಮಾತು, ಇಂದಿನ ವಾಟಣಿ ಪತ್ರದ ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಎರಡೂ ಒಂದೇ ಧಾಟಿಯಲ್ಲಿ ನಡೆಯುತ್ತವೆ. ಗದಗಿನ ವೀರನಾರಾಯಣ ಗುಡಿಯ ಕಂಬಕ್ಕೆ ಒರಗಿ, ಒದ್ದೆ ಬಟ್ಟೆ ಆರುವ ತನಕ ಕುಮಾರವ್ಯಾಸ ಭಾರತ ಬರೆದನೆಂಬ ಪ್ರತೀತಿಯನ್ನು ಪಾತ್ರಗಳ ಬಾಯಲ್ಲಿ ಹೇಳಿಸುವುದಕ್ಕಿಂತ, ಮಳೆ ಹೋದ ವರ್ಷ ಊರವರು ಕೂಡಿ ವಿರಾಟಪರ್ವ ಓದಿಸುವ ರಾತ್ರಿಯನ್ನು ಬರೆದರೆ ಪರಂಪರೆ ತಾನಾಗಿ ಕೆಲಸ ಮಾಡುತ್ತದೆ. ಅಲ್ಲೂ ಓದುವವರು ಯಾರು, ಕಟ್ಟೆಯ ಮೇಲೆ ಯಾರು, ಕೆಳಗೆ ಯಾರು ಅನ್ನುವುದೇ ಮುಖ್ಯ.

ಮಾತಿನ ವಿಷಯದಲ್ಲಿ ಧಾರವಾಡ ಕನ್ನಡ ಎಂದು ಒಂದೇ ಇಲ್ಲ. ಗದಗಿನ ಒಕ್ಕಲಿಗರ ಮನೆಯಲ್ಲಿ ‘ಐತಿ, ಬರಾಕತ್ತಾನ’, ಧಾರವಾಡದ ಬ್ರಾಹ್ಮಣರ ಮನೆಯಲ್ಲಿ ‘ಅದ, ಬರಲಿಕ್ಕತ್ತಾನ’. ಒಬ್ಬ ಪಾತ್ರದ ಬಾಯಲ್ಲಿ ಎರಡೂ ಬಂದರೆ ಆ ಮನುಷ್ಯ ಎಲ್ಲಿಯವನೂ ಅಲ್ಲ. ವಕೀಲಕಿ ಓದಿ ಬಂದ ಒಕ್ಕಲಿಗರ ಹುಡುಗ ಕಚೇರಿಯಲ್ಲಿ ಒಂದು, ಮನೆಯಲ್ಲಿ ಒಂದು ಆಡುತ್ತಾನೆಂದಾದರೆ ಅದು ಉಪಯೋಗ. ಬರೆಯುವ ಮೊದಲೇ ಪ್ರತಿ ಪಾತ್ರಕ್ಕೆ ಒಂದು ಕಾರ್ಡು ಮಾಡಿ, ಆ ಪಾತ್ರದ ಕ್ರಿಯಾಪದಗಳು, ಯಾರನ್ನು ಏನೆಂದು ಕರೆಯುತ್ತದೆ ಅನ್ನುವುದನ್ನು ಬರೆದಿಡಬೇಕು. ಯವ್ವಾ, ಯಪ್ಪಾ, ಮುತ್ಯಾ, ದೊಡ್ಡವ್ವ, ಚಿಗವ್ವ, ಕಾಕಾ, ಸ್ವಾದರಮಾವ: ಇವು ಮನೆಯಿಂದ ಮನೆಗೆ ಬದಲು. ಸೊಸೆ ಗಂಡನ ಹೆಸರು ಹಿಡಿಯುವುದಿಲ್ಲ, ಲಗ್ನದಲ್ಲಿ ಒಡಪು (ಹೆಸರು ಸೇರಿಸಿ ಹೇಳುವ ಪ್ರಾಸದ ನುಡಿ) ಕಟ್ಟಿ ಹೇಳಿಸಿದಾಗ ಮಾತ್ರ. ಹಾಗಾಗಿ ಕಾದಂಬರಿಯ ನಡುವೆ ಆಕೆ ಗಂಡನ ಹೆಸರು ಕೂಗಿದರೆ ಅದು ದೊಡ್ಡ ಘಟನೆಯಾಗಬೇಕು, ಅಜಾಗರೂಕತೆಯಾಗಬಾರದು. ನಿರೂಪಣೆಗೆ ನಾನು ಗ್ರಂಥದ ಭಾಷೆ, ಮಾತಿಗೆ ಮನೆಯ ಭಾಷೆ ಇಡುತ್ತೇನೆ. ಪೂರಾ ಆಡುಮಾತಿನಲ್ಲಿ ಮೂರುನೂರು ಪುಟ ಓದಿಸುವುದು ಬಹಳ ಕೌಶಲ ಬೇಡುತ್ತದೆ, ಅಕ್ಷರ ಜೋಡಿಸುವವರೂ ‘ತಪ್ಪು’ ತಿದ್ದಿ ಕೆಡಿಸುತ್ತಾರೆ. ‘ಐತಿ’ ಎಲ್ಲ ‘ಐತೆ’ ಆಗಿ ಬೆಂಗಳೂರಿಗೆ ಹೋಗಿರುತ್ತದೆ.

ಇಷ್ಟೆಲ್ಲ ಕೂಡಿಹಾಕಿದ ಮೇಲೆ ಬರೆಯಲು ಶುರು ಮಾಡುವುದು ಕಾಗದಕ್ಕೂ ಬಾಯಿಗೂ ಕೂಡದ ಒಂದು ಜಾಗದಿಂದ. ಹಕ್ಕು ಬಿಟ್ಟ ಪತ್ರದ ದಿನ, ಹಗೇವು ತೆರೆದ ದಿನ, ಲಾವಣಿಯವರ ಹೆಸರು ಮಾಯವಾದ ವರ್ಷ, ಇಂಥದ್ದೊಂದು. ಆ ದೃಶ್ಯವನ್ನು ಮೊದಲು ಪೂರಾ ಬರೆದು, ಅದರ ಹಿಂದೆ ಮುಂದೆ ಏನಾಗಿರಬೇಕೆಂದು ಎರಡೂ ಕಡೆ ಬೆಳೆಸುತ್ತ ಹೋಗಬೇಕು. ವಂಶದ ಮೂಲಪುರುಷನಿಂದ ಶುರು ಮಾಡಿದವರು ಮೂರನೇ ತಲೆಮಾರಿಗೆ ಬರುವಷ್ಟರಲ್ಲಿ ದಣಿದಿರುತ್ತಾರೆ. ಸಂಪ್ರದಾಯವೊಂದು ಪುಟಕ್ಕೆ ಬರಬೇಕಾದರೆ ಅದರಿಂದ ಆ ದೃಶ್ಯದಲ್ಲಿ ಯಾರಿಗಾದರೂ ಲಾಭವೋ ಹಾನಿಯೋ ಆಗಬೇಕು. ಹಾಗಿಲ್ಲದ್ದು ವಹಿಯಲ್ಲೇ ಉಳಿಯಲಿ. ಸಂಗ್ರಹಿಸಿದ್ದರಲ್ಲಿ ಹತ್ತರಲ್ಲಿ ಒಂದು ಪಾಲು ಪುಸ್ತಕಕ್ಕೆ ಬಂದರೆ ಬಹಳವಾಯಿತು. ಮನೆಯ ನಕ್ಷೆಯನ್ನೂ ಬರೆದಿಟ್ಟುಕೊಳ್ಳಬೇಕು: ತಲಬಾಗಿಲು, ದನದ ಗ್ವಾದ್ಲಿ, ಪಡಸಾಲಿ, ನಡುಮನಿ, ಅಡಗಿಮನಿ, ಹಿತ್ತಲ. ಮಾಳಿಗಿ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆಂದು ಗೊತ್ತಿದ್ದರೆ ಯಾವ ಮಾತು ಯಾರ ಕಿವಿಗೆ ಬೀಳುತ್ತದೆಂದು ಬೇರೆ ಯೋಚಿಸಬೇಕಿಲ್ಲ.

ಹೆಸರು ಬದಲಿಸುವ ಕೆಲಸವನ್ನು ಮೊದಲ ಕರಡಿನಲ್ಲೇ ಮಾಡಬೇಕು. ನಮ್ಮ ಕಡೆಯ ಅಡ್ಡಹೆಸರುಗಳಾದ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಂಗಡಿ, ಹಿತ್ತಲಮನಿ ಎಲ್ಲ ಕಿವಿಗೆ ಚೆಂದ, ಬರೆಯುವ ಕೈ ತಡೆಯುವುದಿಲ್ಲ. ಆದರೆ ಒಂದು ಊರಲ್ಲಿ ಆ ಅಡ್ಡಹೆಸರಿನದು ಒಂದೋ ಎರಡೋ ಮನೆ. ಅಡ್ಡಹೆಸರು ಹಾಗೇ ಇಟ್ಟು ಹೆಸರೊಂದನ್ನು ಬದಲಿಸಿದರೆ ಮುಚ್ಚಿದಂತಲ್ಲ, ಬೆರಳು ಮಾಡಿ ತೋರಿಸಿದಂತೆ. ಅಡ್ಡಹೆಸರು, ಬೆಡಗು, ಸರ್ವೆ ನಂಬರು, ಹೊಲದ ದಿಕ್ಕು ನಾಲ್ಕನ್ನೂ ಬದಲಿಸಿ, ಊರಿಗೆ ಹೊಸ ಹೆಸರಿಟ್ಟು, ತಾಲೂಕನ್ನು ಮಾತ್ರ ಖರೆಯದ್ದು ಉಳಿಸಿಕೊಳ್ಳಬೇಕು. ತಾಲೂಕು ಬದಲಾದರೆ ಮಣ್ಣು, ರಾಜ್ಯ, ಹಬ್ಬ, ಮಾತು ಎಲ್ಲ ಬದಲಾಗುತ್ತವೆ. ಕರಡು ತಯಾರಾದ ಮೇಲೆ ಮಾತು ಕೊಟ್ಟವರಿಗೆ ಅವರವರ ಭಾಗ ಓದಿ ಹೇಳುವುದು ಒಳ್ಳೆಯದು. ಜಗಳದ ಭಾಗಕ್ಕೆ ಅವರು ತಕರಾರು ಮಾಡುವುದು ಕಡಿಮೆ, ರೊಟ್ಟಿ ದಪ್ಪ ಬಡಿದಳು ಎಂದು ಬರೆದಿದ್ದಕ್ಕೆ ಮಾಡುತ್ತಾರೆ.

ಅಚ್ಚಿಗೆ ಕೊಡುವ ಮುಂಚೆ ಕಾಲದ ಪಟ್ಟಿಯನ್ನು ಮತ್ತೆ ಹರವಿಕೊಂಡು ಪ್ರತಿ ಅಧ್ಯಾಯಕ್ಕೆ ನಾಲ್ಕು ಪ್ರಶ್ನೆ ಹಾಕಬೇಕು: ಆ ರಾತ್ರಿ ಚಂದ್ರ ಇದ್ದನೇ, ಹೊಲದಲ್ಲಿ ಏನಿತ್ತು, ಕಿಸೆಯಲ್ಲಿ ಯಾವ ನಾಣ್ಯ, ಸಹಿ ಹಾಕಿದ ಅಧಿಕಾರಿ ಯಾವ ರಾಜ್ಯದವರು. ಎಳ್ಳ ಅಮಾವಾಸ್ಯೆಯ ರಾತ್ರಿ ಬೆಳದಿಂಗಳಲ್ಲಿ ಹೊಲ ಕಾಯುವವರು, ಶ್ರಾವಣದಲ್ಲಿ ಸೀತನಿ ತಿನ್ನುವ ಹುಡುಗರು, 1950ರಲ್ಲಿ ಐವತ್ತು ಪೈಸೆ ಕೇಳುವ ಕಂಡಕ್ಟರು ಇಂಥವರೆಲ್ಲ ಈ ಸುತ್ತಿನಲ್ಲಿ ಸಿಕ್ಕಿಬೀಳುತ್ತಾರೆ. ಕಂಡಕ್ಟರನಿಗೆ ಎಂಟಾಣೆ ಕೊಟ್ಟರೆ ಮುಗಿಯಿತು. ಬೆಳದಿಂಗಳು ಇಲ್ಲದೆ ಆ ದೃಶ್ಯ ನಡೆಯದೆಂದಾದರೆ ಹಬ್ಬವನ್ನು ಶೀಗಿ ಹುಣ್ಣಿಮೆಗೆ ಒಯ್ಯಬೇಕು, ಆಗ ಹೊಲದಲ್ಲಿನ ಪೀಕು, ಮೈಮೇಲಿನ ಅರಿವೆ, ಬುತ್ತಿಯೊಳಗಿನ ಪಲ್ಯ ಎಲ್ಲವನ್ನೂ ಅದರ ಬೆನ್ನಿಗೆ ತಿದ್ದಬೇಕು.